ಒಂದು ಕಾವು ಹೆಚ್ಚು

ಕೃಷ್ಣರಾಜ ಹಗ್ಗ ಕೊಯ್ಯುತ್ತಲೇ ಇದ್ದ, ಹಗ್ಗ ತುಂಡಾಗುವ ಲಕ್ಷಣ ಕಾಣಲಿಲ್ಲ. ಗುಜರಾತಿನ ಬೋಪಾಲ್‌ನ ಆ ಹದಿನಾಲ್ಕು ಮಹಡಿಯ ಕಟ್ಟಡದ ಪಾರ್ಕಿಂಗ್‌ನಲ್ಲಿ ಸ್ಕೂಟರ್‌ಗಳನ್ನು ಆಚೆ ಸರಿಸಿ ಜಾಗ ಮಾಡಿದ್ದರು. ಅಲ್ಲಿ ಬಿದಿರಿನ ಚಟ್ಟದ ಮೇಲೆ ಹಯವದನ ಮಲಗಿದ್ದ. ಕಾಲಿನ ಕಟ್ಟು ಬಿಗಿದಾಗಿತ್ತು, ಉಳಿದ ಹಗ್ಗ ಕತ್ತರಿಸಿಕೊಟ್ಟರೆ ಸೊಂಟದ ಕಟ್ಟು. ಭಟ್ಟರು ಆಗಲೇ ಎರಡು ಸಲ ಗಡಿಯಾರ ನೋಡಿಕೊಂಡಿದ್ದರು. ಬಿಳಿ ಬಟ್ಟೆ ತೊಟ್ಟು ನಿಂತ ಗುಜರಾತಿ ನೆರೆಹೊರೆಯವರೆಲ್ಲ ಈ ಮುದುಕನ ಕೈಯನ್ನೇ ನೋಡುತ್ತಿದ್ದರು.

"ಅದು ಪಪ್ಪಾ ಮಾಡಿದ ಚಾಕು ಅಂಕಲ್, ಶಾರ್ಪ್ ಇಲ್ಲ," ಎಂದಳು ಮೇಲಿನ ಅಡುಗೆಮನೆಯಿಂದ ಚಾಕು ತಂದುಕೊಟ್ಟ ಮೇದಿನಿ. ಹಯವದನನ ಒಬ್ಬಳೇ ಮಗಳು. ವಡೋದರಾದಲ್ಲಿ ಹುಟ್ಟಿ ಬೆಳೆದು, ಈಗ ಅಪ್ಪ ಅಮ್ಮನನ್ನು ಇಲ್ಲಿ ತನ್ನ ಜೊತೆ ಇಟ್ಟುಕೊಂಡಿದ್ದವಳು, ಕನ್ನಡ ಅಷ್ಟಕ್ಕಷ್ಟೇ. "ಸಂಡೇ ಸಂಡೇ ಪಪ್ಪಾ ಕಲ್ಲಿಗೆ ಉಜ್ಜೋರು. ಬುಧವಾರ ಮತ್ತೆ ಹೋಗತ್ತೆ."

ಅದು ಯಾಕೆ ಹೋಗುತ್ತದೆಂದು ಗೊತ್ತಿದ್ದವನು ಜಗತ್ತಿನಲ್ಲಿ ಒಬ್ಬನೇ, ಅವನೇ ಈಗ ಅದನ್ನು ಹಿಡಿದು ಕೂತಿದ್ದ. ಅಥವಾ ಇಬ್ಬರಿಗೆ ಗೊತ್ತಿತ್ತೋ? ಸತ್ತು ಮಲಗಿರುವ ಇವನಿಗೂ ತಿಳಿದಿತ್ತೇ? ತಿಳಿದು ಹೆಂಡತಿ ಸಾವಿತ್ರಿಯ ಹತ್ತಿರ ಹೇಳಿದ್ದನೇ? ಸೂರತ್‌ನ ಅಡಾಜಣ್‌ನಲ್ಲಿರುವ ಮಗನ ಮನೆಯಿಂದ ಹೊರಟು, ಬೆಳಗಿನ ಟ್ರೇನಿನಲ್ಲಿ ಕೂತು ಬರುವಾಗ ಕೃಷ್ಣರಾಜ ಗೆಳೆಯನಿಗಾಗಿ ಒಂದು ಹನಿ ಕಣ್ಣೀರು ಹಾಕಿರಲಿಲ್ಲ. ಈ ಒಂದನ್ನೇ ಯೋಚಿಸಿದ್ದ. ಸಾವಿತ್ರಿ ತನ್ನ ಮುಖ ನೋಡಿದ ಗಳಿಗೆಯಲ್ಲೇ ಗೊತ್ತಾಗಿಬಿಡುತ್ತದೆ ಎಂದುಕೊಂಡಿದ್ದ. ಅವಳು ನೋಡಿದಳು, "ಬಂದ್ರಾ ರಾಜಣ್ಣ" ಎಂದು ಸೆರಗು ಬಾಯಿಗಿಟ್ಟುಕೊಂಡು ಅತ್ತಳು. ಅದರಿಂದ ಏನು ತಿಳಿಯಬೇಕು?

ಹಗ್ಗ ಕೊನೆಗೂ ನಾರುನಾರಾಗಿ ಹರಿಯಿತು. ಅವನು ಚಾಕುವನ್ನು ಮೇದಿನಿಯ ಕೈಗೆ ಕೊಟ್ಟು ಬೆವರು ಒರೆಸಿಕೊಂಡ.

*

ಇಬ್ಬರೂ ಭದ್ರಾವತಿಯವರು, ಉಕ್ಕಿನ ಹೊಗೆ ಕುಡಿದೇ ಬೆಳೆದವರು. ಕೃಷ್ಣರಾಜ ಲೋಹಶಾಸ್ತ್ರದಲ್ಲಿ ಡಿಪ್ಲೊಮಾ ಮಾಡಿದವನು, ಹಯವದನ ಬರೀ ಐಟಿಐ. ವಡೋದರಾದ ಮಕರಪುರದಲ್ಲಿ ಉಕ್ಕಿಗೆ ಹದ ಕೊಡುವ ಕಾರ್ಖಾನೆಗೆ ಮೊದಲು ಸೇರಿದವನು ಕೃಷ್ಣರಾಜ. "ಇಲ್ಲಿ ಕೆಲಸವಿದೆ, ಬಾ" ಎಂದು ಕಾಗದ ಬರೆದು ಹಯವದನನನ್ನು ಕರೆಸಿಕೊಂಡವನೂ ಅವನೇ. ಆ ಕಾಗದ ಬರೆದ ಕೈಯನ್ನು ಆಮೇಲೆ ಅವನು ಶಪಿಸಿಕೊಳ್ಳದ ದಿನವಿಲ್ಲ.

ಹಯವದನನಿಗೆ ಕಣ್ಣಿತ್ತು. ಎಲ್ಲರಿಗೂ ಇರುತ್ತದಲ್ಲ ಆ ಕಣ್ಣಲ್ಲ. ಕುಲುಮೆಯ ಸಂದಿಯಲ್ಲಿ ಇಣುಕಿ, "ಇನ್ನೂ ದಾಸವಾಳದಲ್ಲಿದೆ, ಕನಕಾಂಬರಕ್ಕೆ ಬರಲಿ" ಎನ್ನುತ್ತಿದ್ದ. ಕನಕಾಂಬರವಾದಾಗ ಮೀಟರ್ ನೋಡಿದರೆ ಎಂಟುನೂರು ಡಿಗ್ರಿ, ಹತ್ತು ಆಚೆ ಇಲ್ಲ ಈಚೆ ಇಲ್ಲ. ಒಮ್ಮೆ ಮೀಟರ್ ಕೆಟ್ಟಾಗ ಕಾರ್ಖಾನೆಯ ಶೇಠ್ ಡಿಪ್ಲೊಮಾದವನನ್ನು ಬಿಟ್ಟು ಐಟಿಐಯವನನ್ನು ಕುಲುಮೆಯ ಮುಂದೆ ನಿಲ್ಲಿಸಿದರು. ಮೂರು ದಿನ ಮೀಟರಿಲ್ಲದೆ ಕೆಲಸ ನಡೆಯಿತು, ಒಂದು ತುಂಡೂ ಹಾಳಾಗಲಿಲ್ಲ. ಹಾಳಾಗಲಿ ಎಂದು ಕೃಷ್ಣರಾಜ ಆ ಮೂರು ದಿನವೂ ದೇವರಿಗೆ ಕೈಮುಗಿದಿದ್ದ. ಇಂಥದ್ದಕ್ಕೂ ದೇವರನ್ನು ಕರೆಯುವವರಿದ್ದಾರೆ, ನೋಡಿ.

ಬಿಡುವಿನಲ್ಲಿ ಹಯವದನ ಅಡುಗೆಮನೆಗೆ ಚಾಕು ಮಾಡತೊಡಗಿದ. ಡಿ-ಟು ಎಂಬ ಗಡಸು ಉಕ್ಕಿನಲ್ಲಿ ಮಾಡು, ತಿಂಗಳುಗಟ್ಟಲೆ ಹರಿತ ನಿಲ್ಲುತ್ತದೆ ಎಂದು ಕೃಷ್ಣರಾಜ ಪುಸ್ತಕ ತೆರೆದು ತೋರಿಸಿದ. ಹಯವದನ ಪುಸ್ತಕವನ್ನು ಗೌರವದಿಂದಲೇ ನೋಡಿದ.

"ಹರಿತ ಹೋದ ದಿನ ಮನೆಯವರು ಏನು ಮಾಡ್ಬೇಕು ರಾಜಣ್ಣ? ಡಿ-ಟು ಮನೆ ಕಲ್ಲಿಗೆ ಬಗ್ಗಲ್ಲ. ಎಣ್ಣೆಗೆ ಅದ್ದೋ ಉಕ್ಕಾದ್ರೆ ಮೆಟ್ಟಿಲಿಗೆ ನಾಲ್ಕು ಸಲ ತಿಕ್ಕಿದ್ರೂ ಸಾಕು."

ಹಾಗೇ ಮಾಡಿದ. ಒಂದನ್ನು ಕೃಷ್ಣರಾಜನ ಮನೆಗೂ ತಂದುಕೊಟ್ಟ. ಅವತ್ತು ಕೃಷ್ಣರಾಜನ ಹೆಂಡತಿ ರತ್ನಮ್ಮ ಟೊಮೆಟೊವನ್ನು ಎಲೆಯಷ್ಟು ತೆಳ್ಳಗೆ ಹೆಚ್ಚಿ, ಬೆಳಕಿಗೆ ಹಿಡಿದು ನೋಡಿ, ನೀವೂ ಇಷ್ಟು ವರ್ಷ ಉಕ್ಕು ಕಾಯಿಸಿದ್ದೀರಿ, ಮನೆಗೊಂದು ಈಳಿಗೆಯಾದರೂ ತಂದಿದ್ದೀರಾ ಎಂದು ನಗುತ್ತ ಕೇಳಿದಳು. ಅವಳು ತಮಾಷೆಗೆ ಅಂದದ್ದು. ಅವನಿಗೆ ರಾತ್ರಿಯ ಊಟ ಸೇರಲಿಲ್ಲ.

*

ಸೊಂಟದ ಕಟ್ಟು ಮುಗಿಯುವ ಹೊತ್ತಿಗೆ ಕಾರಿನಿಂದ ದಪ್ಪಗಿನ ಒಬ್ಬರು ಇಳಿದು ಬಂದರು. ಸೂರತ್‌ನಲ್ಲಿ ಮದುವೆ ಅಡುಗೆಯ ಗುತ್ತಿಗೆ ಮಾಡುವ ಮನೋಜ್‌ಭಾಯಿ. ಹಯವದನನ ಪಾದ ಮುಟ್ಟಿ ನಮಸ್ಕರಿಸಿ, ಸಾವಿತ್ರಿಯ ಎದುರು ನಿಂತು, ಗುಜರಾತಿ ಬೆರೆತ ಹಿಂದಿಯಲ್ಲಿ ಮಾತಾಡಿದರು. ಇಪ್ಪತ್ತು ವರ್ಷದ ಹಿಂದೆ ಇವರು ನಮೂನೆಗೆಂದು ಕೊಟ್ಟ ಮೊದಲ ಚಾಕು ಇನ್ನೂ ತಮ್ಮ ಅಡುಗೆಮನೆಯಲ್ಲಿದೆ, ಚಳಿಗಾಲದ ಊಂಧಿಯು ಪಲ್ಯಕ್ಕೆ ಮಣಗಟ್ಟಲೆ ಸುವರ್ಣಗೆಡ್ಡೆ ಅದರಲ್ಲೇ ಹೆಚ್ಚುವುದು, ಅದನ್ನು ಬೇರೆ ಯಾರಿಗೂ ಮುಟ್ಟಲು ಬಿಡುವುದಿಲ್ಲ ಎಂದರು. ಆ ಒಂದನ್ನು ನಂಬಿ ನಲವತ್ತು ಮಾಡಿಸಿದೆ, ಆ ನಲವತ್ತಕ್ಕೆ ಏನಾಯಿತೋ ಭಗವಂತನೇ ಬಲ್ಲ, ವಾಪಸು ಕಳಿಸುವಾಗ ನನಗೇ ಸಂಕಟವಾಗಿತ್ತು ಎಂದು ಕಣ್ಣೊರೆಸಿಕೊಂಡರು.

ಕೃಷ್ಣರಾಜನ ಹೊಟ್ಟೆಯೊಳಗೆ ಹಳೆಯದೇ ಉರಿ ಎದ್ದಿತು. ಸತ್ತಮೇಲೂ ಇವನನ್ನು ಹೊಗಳಲು ಸೂರತ್‌ನಿಂದ ಕಾರು ಮಾಡಿಕೊಂಡು ಬರುತ್ತಾರೆ. ತಾನೂ ಅದೇ ಸೂರತ್‌ನಲ್ಲಿದ್ದೇನೆ. ನಾಳೆ ತಾನು ಸತ್ತರೆ ಮೇಲಿನ ಮನೆಯವನಾದರೂ ಇಳಿದು ಬರುತ್ತಾನೋ ಇಲ್ಲವೋ.

*

ಆ ನಲವತ್ತರ ಕತೆ ಇಷ್ಟೇ. ಕೆಂಪಗೆ ಕಾಯಿಸಿ ಎಣ್ಣೆಗೆ ಅದ್ದಿದ ಉಕ್ಕು ಗಾಜಿನ ಹಾಗೆ, ಕೈಜಾರಿದರೆ ಮುರಿಯುತ್ತದೆ. ಸಣ್ಣ ಕಾವಿನಲ್ಲಿ ಮತ್ತೊಮ್ಮೆ ಕಾಯಿಸಿ ಅದರ ಸೊಕ್ಕು ಇಳಿಸಬೇಕು. ಕಾವು ಒಂದಿಷ್ಟು ಹೆಚ್ಚಾದರೂ ಅಲಗು ಮೆತ್ತಗಾಗಿ ಅಂಚು ಮಡಚಿಕೊಳ್ಳುತ್ತದೆ. ಎಷ್ಟು ಇಳಿಯಿತೆಂದು ತಿಳಿಯಲು ಗಡಸುತನ ಅಳೆಯುವ ಯಂತ್ರವಿತ್ತು, ಅದು ಕೃಷ್ಣರಾಜನ ಸುಪರ್ದಿಯಲ್ಲಿತ್ತು. ಹಯವದನನಿಗೆ ಬೇಕಾದದ್ದು ಅರವತ್ತು, ಅದಕ್ಕಿಂತ ಹೆಚ್ಚು ಬಂದರೆ ಇನ್ನೂ ಕಾಯಿಸಬೇಕು ಎಂದರ್ಥ.

ಅವನು ಅಲಗುಗಳನ್ನು ತಟ್ಟೆಯಲ್ಲಿ ಜೋಡಿಸಿ ತಂದ. ಎಲ್ಲದರ ಮೇಲೂ ಜೇನಿನ ಬಣ್ಣ ಒಂದೇ ಸಮನೆ ಕೂತಿತ್ತು. "ಬಂದಿದೆ ಅನ್ನಿಸತ್ತೆ ರಾಜಣ್ಣ, ನೀವೊಮ್ಮೆ ನೋಡಿಬಿಡಿ," ಎಂದ. ಅಷ್ಟು ಖುಷಿಯಲ್ಲಿದ್ದ. ಕೃಷ್ಣರಾಜ ಒಂದನ್ನು ಯಂತ್ರಕ್ಕೆ ಕೊಟ್ಟ. ಅವನೊಬ್ಬನಿಗೇ ಕಾಣುವ ಮುಳ್ಳು ಅರವತ್ತಕ್ಕೆ ಬಂದು ನಿಂತಿತು. ಇನ್ನೊಂದು ಕೊಟ್ಟ, ಅರವತ್ತು. ಮತ್ತೊಂದು, ಅರವತ್ತು. ಯಂತ್ರವೂ ಹಯವದನನ ಕಡೆಗೇ ಸೇರಿಕೊಂಡಿತ್ತು.

ಅವನು ಸೀಮೆಸುಣ್ಣ ತೆಗೆದು ಅಲಗಿನ ಮೇಲೆ ಅರವತ್ತನಾಲ್ಕು ಎಂದು ಬರೆದ.

ಹಯವದನನ ಮುಖ ಸಣ್ಣದಾಯಿತು. ನನಗೆ ಆಗಿದೆ ಅನ್ನಿಸಿತ್ತಲ್ಲ ಎಂದು ಕೇಳಿದ, ಜಗಳಕ್ಕಲ್ಲ, ತನ್ನನ್ನೇ ಕೇಳಿಕೊಂಡ ಹಾಗೆ. ತಟ್ಟೆ ಎತ್ತಿಕೊಂಡು ಹೋಗಿ ಮತ್ತೆ ಕಾಯಿಸಿದ. ಈ ಸಲ ಬಣ್ಣ ನೇರಳೆಗೆ ತಿರುಗಿತ್ತು. ಯಂತ್ರ ಐವತ್ತಾರು ತೋರಿಸಿತು. ಕೃಷ್ಣರಾಜ ಅರವತ್ತು ಎಂದು ಬರೆದ. ಒಂದೇ ಮದುವೆಯಲ್ಲಿ ನಲವತ್ತೂ ಚಾಕುಗಳ ಬಾಯಿ ಮಡಚಿಕೊಂಡಿತು. ವಾಪಸು ಬಂದವುಗಳಲ್ಲಿ ಒಂದನ್ನೇ ಇವತ್ತು ಮೇದಿನಿ ತಂದುಕೊಟ್ಟದ್ದು. ಸುದ್ದಿ ಬಂದ ದಿನ ಕೃಷ್ಣರಾಜ ಮನೆಗೆ ಜಿಲೇಬಿ ಕಟ್ಟಿಸಿಕೊಂಡು ಹೋಗಿದ್ದ. ಏನು ವಿಶೇಷ ಎಂದು ರತ್ನಮ್ಮ ಕೇಳಿದ್ದಕ್ಕೆ ಸುಮ್ಮನೆ ಎಂದಿದ್ದ.

*

ಶವವಾಹನ ಗೇಟಿನೊಳಗೆ ಹಿಂದಕ್ಕೆ ಬಂದು ನಿಂತಿತು. ಭಟ್ಟರು ಹೆಗಲು ಕೊಡುವವರನ್ನು ಕರೆದರು. ಮುಂದಿನ ಎಡಗಡೆ ರಾಜಣ್ಣನೇ ಹಿಡಿಯಲಿ ಎಂದು ಸಾವಿತ್ರಿ ತಾನಾಗಿ ಹೇಳಿದಳು. ಅವನು ಹೋಗಿ ಬಿದಿರಿನ ಪಕ್ಕ ನಿಂತ. ಅವಳು ಗಂಡನ ತಲೆಯ ಹತ್ತಿರ ಕೂತು ಹಣೆಯ ಗೋಪೀಚಂದನ ಸರಿಮಾಡುತ್ತಿದ್ದಳು. ಇನ್ನು ಕೇಳದಿದ್ದರೆ ಎಂದೂ ಕೇಳಲಾರೆ ಎನ್ನಿಸಿ, ಹಯಾ ಆ ನಲವತ್ತು ಚಾಕುಗಳ ಬಗ್ಗೆ ಏನಾದರೂ ಹೇಳಿದ್ದನೇ ಎಂದು ಕೃಷ್ಣರಾಜ ತಗ್ಗಿದ ದನಿಯಲ್ಲಿ ಕೇಳಿದ.

"ಏನು ಹೇಳ್ತಾರೆ, ಹೇಳ್ತಾನೇ ಇದ್ರು," ಎಂದಳು ಸಾವಿತ್ರಿ. "ರಾಜಣ್ಣನ ಅಂಕಿ ತಪ್ಪೋದಲ್ಲ, ನನ್ನ ಕಣ್ಣೇ ಕೆಟ್ಟಿತು ಅಂತ. ಆಮೇಲೆ ಇವರು ಕುಲುಮೆಯೊಳಗೆ ಇಣುಕಲೇ ಇಲ್ಲ. ಮನೇಲಿ ಹಾಲು ಇಟ್ಟರೂ ನನ್ನನ್ನು ಕರೀತಿದ್ರು, ಕಾದಿದೆಯಾ ನೋಡು ಅಂತ. ಮೊನ್ನೆ ಐಸಿಯುಗೆ ಹೋಗೋ ಮುಂಚೆನೂ ಅದೇ. ನಾನು ಎಲ್ಲಿ ತಪ್ಪಿದೆ ಸಾವಿತ್ರಿ, ಜೇನಿನ ಬಣ್ಣ ಸರಿಯಾಗೇ ಬಂದಿತ್ತಲ್ಲ ಅಂತ."

ಹಯವದನನಿಗೆ ತಿಳಿದಿರಲಿಲ್ಲ. ಅಂದರೆ ಕೃಷ್ಣರಾಜ ಗೆದ್ದಿದ್ದ. ಬಾಯಿ ಮುಚ್ಚಿಕೊಂಡು ಹೆಗಲು ಕೊಟ್ಟು ಮಧ್ಯಾಹ್ನದ ಟ್ರೇನು ಹಿಡಿದರೆ ಮುಗಿಯಿತು, ಇನ್ನು ಕೇಳುವವರಿಲ್ಲ. ಎದೆ ಹಗುರಾಗಬೇಕಿತ್ತು. ಆದರೆ ಏನಾಯಿತೆಂದರೆ, ಈ ನಂಬಿಕೆಯನ್ನು ಕಂಡೂ ಅವನಿಗೆ ಹೊಟ್ಟೆ ಉರಿಯಿತು. ತಾನು ಹುಟ್ಟಿದಾಗಿನಿಂದ ಒಬ್ಬರನ್ನೂ ಹೀಗೆ ನಂಬಿದವನಲ್ಲ. ತನ್ನ ಕಣ್ಣನ್ನೇ ಕಿತ್ತಿಟ್ಟು ಇನ್ನೊಬ್ಬನ ಸೀಮೆಸುಣ್ಣವನ್ನು ನಂಬಿದನಲ್ಲ ಈ ಮನುಷ್ಯ! ಆ ಕಣ್ಣು ತನಗೆ ಬೇಕೆಂದು ಆಸೆಪಟ್ಟಿದ್ದ ಕೃಷ್ಣರಾಜ. ಸಿಕ್ಕಿರಲಿಲ್ಲ, ಅದನ್ನು ಬರೀ ನಂದಿಸಿದ್ದ.

"ಮೊದಲನೇ ಸಲವೇ ಅರವತ್ತಿತ್ತು," ಎಂದ.

ಸಾವಿತ್ರಿ ತಲೆಯೆತ್ತಿದಳು.

"ಯಂತ್ರ ಅರವತ್ತೇ ತೋರಿಸಿತು ಸಾವಿತ್ರಿ. ಅರವತ್ತನಾಲ್ಕು ಅಂತ ನಾನು ಬರೆದೆ. ಬೇಕಂತಲೇ ಬರೆದೆ. ಹೊಟ್ಟೆಕಿಚ್ಚಿಗೆ."

ಅವಳು ಕೂಗಾಡುತ್ತಾಳೆಂದು ಕಾದ. ಚಟ್ಟದಿಂದ ಕೈ ತೆಗೆಯಿರಿ ಎನ್ನುತ್ತಾಳೆ, ಮೇದಿನಿಯನ್ನು ಕರೆದು ಹೇಳುತ್ತಾಳೆ, ಮುಖಕ್ಕೆ ಉಗಿಯುತ್ತಾಳೆ. ಅದಕ್ಕೆಲ್ಲ ಅವನು ತಯಾರಾಗಿದ್ದ. ಇಷ್ಟು ವರ್ಷಕ್ಕೆ ಒಮ್ಮೆಯಾದರೂ ಆ ಮನೆಯವರ ಕಣ್ಣು ತನ್ನ ಮೇಲೆ ನಿಲ್ಲುತ್ತದೆ ಎಂಬ ಕೆಟ್ಟ ಆಸೆಯೂ ಅದರಲ್ಲಿ ಸೇರಿತ್ತು.

"ಹಾಗಾದ್ರೆ ಇವರ ಕಣ್ಣು ಸರಿಯಾಗೇ ಇತ್ತು," ಎಂದಳು ಸಾವಿತ್ರಿ.

ಅಷ್ಟರಲ್ಲಿ ಹಿಂದಿನಿಂದ ಯಾರೋ "ರಾಮ್ ಬೋಲೋ ಭಾಯಿ ರಾಮ್" ಎಂದು ಶುರುಮಾಡಿದರು. ನಾಲ್ವರೂ ಬಗ್ಗಿ ಬಿದಿರು ಹಿಡಿದರು, ಕೃಷ್ಣರಾಜನೂ ಹಿಡಿದ. ಸಾವಿತ್ರಿ ಕೈಯೆತ್ತಿ ತಡೆದಳು. ಹೊತ್ತಾಯಿತಮ್ಮ ಎಂದ ಭಟ್ಟರ ಮಾತು ಅವಳಿಗೆ ಕೇಳಿಸಲಿಲ್ಲ. ಹೂವಿನ ಹಾರವನ್ನು ಪಕ್ಕಕ್ಕೆ ಸರಿಸಿದಳು, ಗಂಡನ ಕಿವಿ ಮುಚ್ಚಿದ್ದ ಬಿಳಿ ಬಟ್ಟೆಯನ್ನು ಬೆರಳಿನಿಂದ ಬಿಡಿಸಿದಳು, ಬಗ್ಗಿ ಆ ಕಿವಿಗೆ ಬಾಯಿಟ್ಟಳು. ನಾಲ್ಕು ಜನ ಬೆನ್ನು ಬಗ್ಗಿಸಿದವರು ಬಗ್ಗಿಸಿದಂತೆಯೇ ನಿಂತರು. ಅವಳು ಪಿಸುಗುಟ್ಟಿದಳು, ತಲೆಯೆತ್ತಿ ಗಂಡನ ಮುಖ ನೋಡಿದಳು, ಸಾಲದೆಂಬಂತೆ ಮತ್ತೆ ಬಗ್ಗಿ ಮೊದಲಿನಿಂದ ಹೇಳತೊಡಗಿದಳು.