ಅಣ್ಣ ಕೂತ ಬಾಗುಹಲಗೆ

ಸರೋವರದ ದಂಡೆಯ ಬಾಲಿಕ್ಚಿ ಊರಲ್ಲಿ ಫೈಬರ್ ದೋಣಿ ಮಾಡಿಕೊಂಡಿದ್ದ ತೋಲ್ಕುನ್‌ಬೆಕ್‌ಗೆ ಆ ವರ್ಷ ಗುಡಾರದ ಹುಚ್ಚು ಹತ್ತಿತು. ಫೈಬರಿನ ಎರಡು ತೆಳು ಹಾಳೆಗಳ ನಡುವೆ ಫೋಮ್ ಅಂಟಿಸಿ, ಬಿಲ್ಲಿನಂತೆ ಬಾಗಿದ ಹಲಗೆಯೊಂದನ್ನು ಮಾಡಿದ. ಇಂಥವನ್ನು ಸುತ್ತ ಜೋಡಿಸಿದರೆ ಗುಡಾರ. ಪ್ರವಾಸಿಗಳಿಗೆ ಉಣ್ಣೆಗುಡಾರ ಬಾಡಿಗೆಗೆ ಕೊಡುವ ಅತ್ತಿಗೆ ಅಸಿಲ್‌ಕಾನ್ ಹಲಗೆಯನ್ನು ಬೆರಳಿಂದ ಬಡಿದು ನೋಡಿದಳು.

“ಒಳಗೆ ಬರೀ ಟೊಳ್ಳು ಕಣೋ. ಹಿಮ ಬಿದ್ರೆ ನನ್ನ ಗಿರಾಕಿಗಳು ಚಪ್ಪಟೆ.”

“ಅಣ್ಣನ್ನ ಕೂರಿಸಿ ನೋಡಿ ಅತ್ತಿಗೆ. ಅವನಿಗಿಂತ ಭಾರದ ಹಿಮ ಈ ಊರಲ್ಲಿ ಬಿದ್ದಿಲ್ಲ.”

ಅಂಗಳದಲ್ಲಿ ಹಲಗೆಯನ್ನು ಕಮಾನಿನಂತೆ ನಿಲ್ಲಿಸಿ, ಒಂದು ತುದಿಯನ್ನು ಗೋಡೆಗೂ ಇನ್ನೊಂದನ್ನು ಅತ್ತಿಗೆಯ ಹಳೆಯ ವ್ಯಾನಿನ ಚಕ್ರಕ್ಕೂ ಒತ್ತಿಟ್ಟ. ಅಣ್ಣ ಶೆರಾಲಿ ಚಹಾದ ಬಟ್ಟಲು ಹಿಡಿದೇ ಹತ್ತಿ ಕೂತ. ಹಲಗೆ ಮಿಸುಕಲಿಲ್ಲ. ಅವನ ತೊಡೆಯ ಮೇಲೊಂದು ಟಗರನ್ನೂ ಹೇರಿದರು. ಆಗಲೂ ಇಲ್ಲ.

ಅಸಿಲ್‌ಕಾನ್ ಸೋತಳು. “ನಮ್ಮಮ್ಮ ಇದನ್ನ ಕಣ್ಣಾರೆ ಕಾಣದೆ ನಂಬಲ್ಲ. ಕೂತಿರಿ, ಕರ್ಕೊಂಡು ಬರ್ತೀನಿ,” ಎಂದು ಹೋಗಿ ವ್ಯಾನು ಹತ್ತಿ ಹೊರಡಿಸಿಯೇಬಿಟ್ಟಳು.

ತೋಲ್ಕುನ್‌ಬೆಕ್ ಬಾಯಿ ತೆರೆಯುವಷ್ಟರಲ್ಲಿ ಆಸರೆ ತಪ್ಪಿದ ತುದಿ ಸರ್ರನೆ ಜಾರಿತು. ಕಮಾನು ನೆಟ್ಟಗಾಗಲು ಹೋಗಿ ಢಮಾರ್ ಎಂದಿತು. ಟಗರು ಬೇಲಿ ಹಾರಿತು. ಶೆರಾಲಿ ನೆಲದಲ್ಲಿದ್ದ.

ತೋಲ್ಕುನ್‌ಬೆಕ್‌ನ ಮುಖ ಬಿಳಿಚಿತು. ಆದರೂ ಮಂಡಿಯೂರಿ ಮೊದಲು ನೋಡಿದ್ದು ಹಲಗೆಯ ಅಂಚನ್ನು. “ಹಾಳೆ ಎರಡೂ ಹರಿದಿಲ್ಲ. ಮಧ್ಯದ ಫೋಮ್ ಮಾತ್ರ ಸೀಳಿದೆ.”

“ನಿಮ್ಮಣ್ಣ ಎಲ್ಲಿ ಸೀಳಿದಾನೆ ನೋಡು ಮೊದ್ಲು,” ಎಂದು ವ್ಯಾನಿನಿಂದ ಇಳಿದು ಓಡಿಬಂದ ಅಸಿಲ್‌ಕಾನ್ ಗದರಿದಳು.

“ನಾನು ಚೆನ್ನಾಗಿದೀನಿ. ಚಹಾ ಚೆಲ್ಲಿತು, ಅಷ್ಟೆ,” ಎಂದ ಶೆರಾಲಿ.

ತೋಲ್ಕುನ್‌ಬೆಕ್ ಎರಡೂ ಕೈ ಬಾಗಿಸಿ ತೋರಿಸಿದ. “ತುದಿ ಗಟ್ಟಿಯಾಗಿ ನಿಂತ್ರೆ ಬಾಗು ತಾನೇ ಭಾರ ಹೊರುತ್ತೆ ಅತ್ತಿಗೆ. ತುದಿ ಜಾರಿದ್ರೆ ಬಾಗು ಬಿಚ್ಕೊಳ್ಳುತ್ತೆ, ಮೇಲಿನ ಹಾಳೆ ಒಂದ್ಕಡೆ, ಕೆಳಗಿನದು ಇನ್ನೊಂದ್ಕಡೆ ಎಳೀತವೆ. ಮಧ್ಯ ಸಿಕ್ಕ ಫೋಮ್ ಸೀಳುತ್ತೆ.”

“ಅಂದ್ರೆ ಗುಡಾರದ ಸುತ್ತ ವ್ಯಾನು ನಿಲ್ಲಿಸ್ಬೇಕಾ?”

“ಬೇಡ. ಬುಡಕ್ಕೆ ಕಬ್ಬಿಣದ ಬಳೆ ಬಿಗಿದ್ರೆ ಸಾಕು.”

ಅವಳು ಒಂದೇ ಒಂದು ಗುಡಾರಕ್ಕೆ ಒಪ್ಪಿದಳು. ಬಳೆ ಬಿಗಿದು ನಿಂತ ಆ ಗುಡಾರ ಚಳಿಗಾಲದ ಹಿಮವನ್ನೆಲ್ಲ ಹೊತ್ತಿತು. ಬೆಚ್ಚಗಿದೆಯೆಂದು ಗಿರಾಕಿಗಳು ಅದನ್ನೇ ಕೇಳತೊಡಗಿದರು. ಶೆರಾಲಿ ಮಾತ್ರ ಅಲ್ಲಿ ಮಲಗಲೊಲ್ಲ. ಭಯವೇ ಎಂದು ಕೇಳಿದರೆ, “ಭಯ ಏನಿಲ್ಲ. ಅಲ್ಲಿ ನನ್ನ ಗೊರಕೆ ಗೋಡೆಗೆ ಬಡಿದು ವಾಪಸ್ ನಂಗೇ ಕೇಳ್ಸುತ್ತೆ,” ಎನ್ನುತ್ತಾನೆ.