ಪುಕ್ಕಟೆ ಬಂದ ಹಸಿರು ಸೀರೆ

ಕುಷ್ಟಗಿಯಲ್ಲಿ ಕಿರಾಣಿ ಅಂಗಡಿ ಇಟ್ಟಿರುವ ದೇವೇಂದ್ರಪ್ಪನಿಗೆ ಟೋಪಿ ಹಾಕುವುದು ಸುಲಭವಲ್ಲ. 'ನಾಲ್ಕು ಸಾಬೂನು ಕೊಂಡರೆ ಒಂದು ಉಚಿತ' ಎಂಬ ಬೋರ್ಡನ್ನು ಮೂವತ್ತು ವರ್ಷದಿಂದ ತಾನೇ ಬರೆದು ತೂಗುಹಾಕುತ್ತ ಬಂದ ಮನುಷ್ಯ. ಐದನೆಯ ಸಾಬೂನಿನ ಬೆಲೆ ಮೊದಲಿನ ನಾಲ್ಕರಲ್ಲೇ ಅಡಗಿ ಕೂತಿರುತ್ತದೆ, ಹೋಗದೆ ಉಳಿದ ಮಾಲು ಈ ದಾರಿಯಲ್ಲಿ ಸಲೀಸಾಗಿ ಗಿರಾಕಿಯ ಮನೆ ಸೇರುತ್ತದೆ ಎಂಬುದು ಅವನಿಗೆ ಗೊತ್ತಿಲ್ಲದೆ ಇನ್ಯಾರಿಗೆ ಗೊತ್ತಿರಬೇಕು? ಅಂಥವನೇ ಕೊಪ್ಪಳದ ಸೀರೆ ಅಂಗಡಿಯೊಂದರಲ್ಲಿ ಹೋಗಿ ಹೋಗಿ ಸಿಕ್ಕಿಬಿದ್ದ ನೋಡಿ.

ಅವನದೂ ಪೂರ್ತಿ ತಪ್ಪಲ್ಲ ಬಿಡಿ. ಸೀರೆಯ ವ್ಯವಹಾರವೆಲ್ಲ ಹೆಂಡತಿಯದಾಗಿತ್ತು, ಆಕೆ ತೀರಿಕೊಂಡು ಎರಡು ವರ್ಷ. ಈಗ ಗಂಗಾವತಿಗೆ ಕೊಟ್ಟ ಮಗಳು ಶಾಂಭವಿಗೆ ಏಳು ತಿಂಗಳು. ಕುಬಸ ಮಾಡಬೇಕು, ಸೀಮಂತದ ಶಾಸ್ತ್ರ. ಬಸುರಿಗೆ ಉಡಿಸಲು ತವರಿನಿಂದ ಹಸಿರು ಸೀರೆ ಹೋಗಬೇಕು, ಬೀಗತಿ ವಿರೂಪಾಕ್ಷಮ್ಮನಿಗೂ ಅವಳ ಮಗಳು ಸಹನಾಗೂ ಉಡುಗೊರೆಯಾಗಿ ಆಯೇರಿಯ ಸೀರೆ ಒಯ್ಯಬೇಕು. 'ತಾಯಿ ಇದ್ದಿದ್ದರೆ ಹೀಗಾಗುತ್ತಿರಲಿಲ್ಲ' ಎಂಬ ಮಾತು ಮಗಳ ಕಿವಿಗೆ ಬೀಳಬಾರದು. ದೇವೇಂದ್ರಪ್ಪನಿಗೆ ಇದ್ದ ಚಿಂತೆ ಅದೊಂದೇ.

ಅಂಗಡಿಯ ಬಾಗಿಲಲ್ಲಿ ಬೋರ್ಡು: 'ಎರಡು ಸೀರೆ ಕೊಂಡರೆ ಮೂರನೆಯದು ಉಚಿತ'. ಇವನಿಗೆ ಬೇಕಾಗಿದ್ದೂ ಮೂರೇ. ಬೀಗರ ಮುಂದೆ ಕೈ ಬಿಗಿ ಮಾಡಬಾರದೆಂದು ಅವರಿಬ್ಬರಿಗೂ ದೊಡ್ಡ ಅಂಚಿನ ಭಾರಿ ಸೀರೆಗಳನ್ನೇ ಆರಿಸಿದ. ಹಸಿರು ಸೀರೆಗೆ ಮಾತ್ರ ಒಂದು ತಾಸು ಹಿಡಿಯಿತು. ಎಳೆ ಭತ್ತದ ಪೈರಿನ ಬಣ್ಣದ್ದು, ಮೆತ್ತಗಿನದು, ಮಗಳ ಮೈಗೆ ಚುಚ್ಚದಂಥದ್ದು ಸಿಕ್ಕಿತು. ರೇಟು ಉಳಿದೆರಡಕ್ಕಿಂತ ತುಸು ಕಡಿಮೆ.

"ಕಡಿಮಿ ರೇಟಿನ ಸೀರಿ ಪುಕ್ಕಟ ಆಗ್ತೈತ್ರಿ ಯಜಮಾನ್ರ," ಎಂದು ಬಿಲ್ಲು ಹಾಕುವವನು ಹೇಳಿದ. ಯಾವುದಾದರೇನು, ಮೂರೂ ಕೈಗೆ ಬಂದವಲ್ಲ ಎಂದು ದೇವೇಂದ್ರಪ್ಪ ತಲೆಯಾಡಿಸಿ ರೊಕ್ಕ ಎಣಿಸಿದ.

ಕುಬಸದ ದಿನ ವಿರೂಪಾಕ್ಷಮ್ಮನ ಪಡಸಾಲೆ ತುಂಬ ಹೆಂಗಸರು. ಬಳೆ ತೊಡಿಸುವ ಕಾಸೀಮಬೀ ಶಾಂಭವಿಯ ಎರಡೂ ಕೈಗೆ ಹಸಿರು ಬಳೆ ಏರಿಸಿ ಮುಗಿಸಿದ್ದಳು. ಇನ್ನು ಸೀರೆ ಉಡಿಸುವುದೊಂದು ಬಾಕಿ. ಸಹನಾ ಮಡಿಕೆ ಬಿಚ್ಚಿದಳು, ಒಳಗೆ ಅಂಟಿಸಿದ್ದ ಕೆಂಪು ಚೀಟಿ ಕಂಡಳು, ಹಿಂದುಮುಂದು ನೋಡದೆ ಓದಿಯೂಬಿಟ್ಟಳು.

"ವೈನಿ, ಇದರ ಮ್ಯಾಲ 'ಉಚಿತ' ಅಂತ ಬರದಾರ ನೋಡ್ರಿ," ಎಂದು ಅತ್ತಿಗೆಗೆ ತೋರಿಸಿದಳು.

ಹೆಂಗಸರೆಲ್ಲ ಮಾತು ಬಿಟ್ಟು ಚೀಟಿ ನೋಡಲು ಕತ್ತು ಚಾಚಿದರು. ಓಣಿಯ ಹಿರಿಯಳು ಹೊಳಿಯಮ್ಮ ಕೆಟ್ಟ ಮನಸ್ಸಿನವಳಲ್ಲ, ಆದರೆ ಶಾಸ್ತ್ರದ ವಿಷಯದಲ್ಲಿ ಸುಮ್ಮನಿರುವವಳೂ ಅಲ್ಲ.

"ಕುಬಸದ ಸೀರಿ ತವರಿನೋರು ರೊಕ್ಕ ಕೊಟ್ಟು ತರಬೇಕವಾ," ಎಂದಳು. "ಪುಕ್ಕಟ ಬಂದಿದ್ದನ್ನ ಬಸುರಿಗೆ ಉಡಸಬಾರದು. ಪಾಪ, ತಾಯಿ ಇದ್ದಿದ್ರ ಹಿಂಗ ಆಗ್ತಿರಲಿಲ್ಲ."

ಯಾವ ಮಾತು ಬೀಳಬಾರದೆಂದಿದ್ದನೋ ಅದೇ ಬಿತ್ತು. ಶಾಂಭವಿ ತಲೆ ತಗ್ಗಿಸಿ ಹೊಸ ಬಳೆಗಳನ್ನು ಸುಮ್ಮನೆ ತಿರುವತೊಡಗಿದಳು. ಬಾಗಿಲ ಹತ್ತಿರ ನಿಂತಿದ್ದ ದೇವೇಂದ್ರಪ್ಪ ಒಂದು ಹೆಜ್ಜೆ ಒಳಗೆ ಬಂದ.

"ತಪ್ಪಾತ್ರಿ ಅಕ್ಕಾರ," ಎಂದು ಬೀಗತಿಗೆ ಹೇಳಿದ. "ಒಂದರ್ಧ ತಾಸು ತಡೀರಿ. ಇಲ್ಲೇ ಬಜಾರಕ್ಕ ಹೋಗಿ ಬ್ಯಾರೆ ಸೀರಿ ತರ್ತೀನಿ."

"ಎಲ್ಲಿಗೂ ಹೋಗಬ್ಯಾಡ್ರಿ. ಬಿಲ್ಲು ಐತೇನು?" ಎಂದಳು ವಿರೂಪಾಕ್ಷಮ್ಮ.

ಅಂಗಿಯ ಕಿಸೆಯಲ್ಲೇ ಇತ್ತು. ಅವಳು ಅದನ್ನು ಕೈಚಾಚಿ ದೂರ ಹಿಡಿದು ಮೇಲಿನಿಂದ ಕೆಳಗಿನತನಕ ಓದಿದಳು. ಆಮೇಲೆ ತನಗೆ ಬಂದ ಸೀರೆಯ ಅಂಚನ್ನು ಎರಡು ಬೆರಳಲ್ಲಿ ತಿಕ್ಕಿ ನೋಡಿದಳು.

"ಈ ಸೀರಿಗೆ ಇಷ್ಟು ರೇಟು ಎಲ್ಲಿ ಐತ್ರಿ ಬೀಗರ? ಎರಡರ ಮ್ಯಾಲ ಏರಿಸಿ ಮೂರರ ರೊಕ್ಕಾನೂ ಇದರಾಗ ತಗೊಂಡಾನ. ಅಂಗಡಿಯಾವ ಯಾವತ್ತರ ಪುಕ್ಕಟ ಕೊಟ್ಟಾನೇನು?"

ಅಂಗಡಿಯವನೇ ಆದ ದೇವೇಂದ್ರಪ್ಪ ಇದಕ್ಕೆ ಏನು ಹೇಳಿಯಾನು? "ಇಲ್ರಿ," ಎಂದ. ನಾಚಿಕೆಯಾಯಿತು, ಆದರೂ ಜೀವಕ್ಕೆ ಹಾಯೆನಿಸಿತು.

"ಮತ್ತ? ಮೂರಕ್ಕೂ ರೊಕ್ಕ ಕೊಟ್ಟೀರಿ. ಅಷ್ಟಾಗಿಯೂ ಒಂದು ಪುಕ್ಕಟ ಆಗಲೇಬೇಕು ಅಂದ್ರ, ಅದು ಯಾವುದು ಅಂತ ಹೇಳಾಕ ಬಿಲ್ಲು ಹಾಕಾವ ಯಾರು? ಉಡೋರು ನಾವು." ವಿರೂಪಾಕ್ಷಮ್ಮ ಹಸಿರು ಸೀರೆಯ ಚೀಟಿಯನ್ನು ಉಗುರಿನಿಂದ ಮೆಲ್ಲಗೆ ಕಿತ್ತಳು. ತನ್ನ ಆಯೇರಿಯ ಸೀರೆಯ ಮೇಲೆ ಎಲ್ಲರೂ ನೋಡುವಂತೆ ಅಂಟಿಸಿ ಗಟ್ಟಿಯಾಗಿ ಒತ್ತಿದಳು. "ಹಸಿರು ಸೀರಿ ನೀವು ಕೊಂಡಿದ್ದು. ಪುಕ್ಕಟ ಬಂದಿದ್ದು ನಂದು. ಹೊಳಿಯಮ್ಮಕ್ಕ, ಈಗ ಉಡಸಬಹುದೇನು?"

"ಈಗೇನ್ ಅಡ್ಡಿ ಇಲ್ಲವಾ," ಎಂದು ಹೊಳಿಯಮ್ಮ ಬೊಚ್ಚುಬಾಯಿ ತೆರೆದು ನಕ್ಕಳು. ಪಡಸಾಲೆ ಮತ್ತೆ ಗಲಗಲ ಎನ್ನತೊಡಗಿತು. ಸಹನಾ ಸೀರೆ ಹಿಡಿದು ವೈನಿಯನ್ನು ಒಳಗೆ ಕರೆದೊಯ್ಯಲು ಎದ್ದಳು.

ದೇವೇಂದ್ರಪ್ಪನಿಗೆ ಮಾತ್ರ ಅಳುಕು ಹೋಗಲಿಲ್ಲ. ಹತ್ತಿರ ಬಂದು, "ನಿಮಗ ಪುಕ್ಕಟ ಸೀರಿ ಕೊಟ್ಟಂಗ ಆತಲ್ರಿ ಅಕ್ಕಾರ," ಎಂದ.

ವಿರೂಪಾಕ್ಷಮ್ಮ ಸೊಸೆಯನ್ನು ಒಂದು ಗಳಿಗೆ ತಡೆದು ನಿಲ್ಲಿಸಿ ಅವಳ ತಲೆಯ ಮೇಲೆ ಕೈಯಿಟ್ಟಳು.

"ಆಗಲಿ ಬಿಡ್ರಿ. ಈಕಿನ್ನ ಏನು ರೊಕ್ಕ ಕೊಟ್ಟು ತಂದೀವೇನು ನಾವು? ಈ ಮನಿಗೆ ಪುಕ್ಕಟ ಬಂದಿದ್ದರಾಗ ಎಲ್ಲಾಕಿಂತ ಛಲೋದು ಈಕಿನ."

ಶಾಂಭವಿ ಅತ್ತೆಯ ಹೆಗಲಿಗೆ ಮುಖವಿಟ್ಟಳು. ದೇವೇಂದ್ರಪ್ಪ ಎರಡೂ ಕೈ ಜೋಡಿಸಿದ. ಮಗಳಿಗೆ ತಾಯಿ ಇಲ್ಲ ಎಂಬ ಎರಡು ವರ್ಷದ ಸಂಕಟ ಆ ಪಡಸಾಲೆಯಲ್ಲೇ ಅವನ ಎದೆಯಿಂದ ಇಳಿಯಿತು.