ಖಾಲಿ ಕುಂಡದ ತೂಕ

ಮತ್ತೆ ಪುದೀನ.

ಬಕ್ಕೇಶ್ ಖಾಲಿ ಕುಂಡದಿಂದ ಕಡ್ಡಿಗಳನ್ನು ಕಿತ್ತ. ನಿನ್ನೆ ಸಂಜೆ ಚುಚ್ಚಿದ್ದು, ಬೆಳಗಾಗುವಷ್ಟರಲ್ಲಿ ಬೇರು! ಅಮೀನಾಬೀ ನೆಟ್ಟರೆ ಮುರಿದ ಕೊಡೆಯ ಕಡ್ಡಿಯೂ ಚಿಗುರುತ್ತದೆ. ಇದನ್ನು ಅನುಮಾನಿಸುವವರು ದಾವಣಗೆರೆಯ ನಿಟ್ಟುವಳ್ಳಿಯಲ್ಲಿ ಇನ್ನೂ ಹುಟ್ಟಿಲ್ಲ.

“ಯಾಕ್ರೀ ಸರ, ಮತ್ತೆ ಕಿತ್ರಿ?” ಎದುರು ಮನೆಯ ಬಾಗಿಲಿಂದ ಅಮೀನಾಬೀ ಕೂಗಿದಳು. ಆ ದನಿಗೆ ಹರಿಹರದ ಸೇತುವೆ ಮೇಲಿನ ಲಾರಿಗಳೂ ಬ್ರೇಕ್ ಹಾಕಬೇಕು.

“ಇದು ಖಾಲಿ ಇರ್ಬೇಕಮ್ಮ.”

“ಖಾಲಿ ಕುಂಡ ಕಂಡ್ರೆ ನನ್ ಕೈ ಸುಮ್ನಿರಲ್ರೀ. ಸೊಪ್ಪು ಬಿಡಿಸಿದ್ ಕಡ್ಡಿ ಇದ್ವು, ಚುಚ್ಚಿದೆ.”

ಬಕ್ಕೇಶ್ ನಿಂತಿದ್ದು ರಸ್ತೆಬದಿಯ ಕಾಲುವೆಯಲ್ಲಿ, ಮಳೆನೀರು ಚರಂಡಿಗೆ ಓಡದೆ ಇಂಗಲೆಂದು ಗಿಡ ನೆಟ್ಟದ್ದು. ಅದರೊಳಗೆ ಅವನ ಸಂಶೋಧನೆಯ ಎರಡು ಕುಂಡ: ಒಂದರಲ್ಲಿ ಅಗಲ ಎಲೆಯ ಕಾಬಾಳೆ ಗಿಡ, ಇನ್ನೊಂದರಲ್ಲಿ ಬರೀ ಮಣ್ಣು. ಬೆಳಿಗ್ಗೆ, ಸಂಜೆ ಎರಡನ್ನೂ ತೂಗಬೇಕು. ಬರೀ ಮಣ್ಣು ಕಳೆದುಕೊಂಡ ತೂಕ ಬಿಸಿಲಿನ ಪಾಲು. ಕಾಬಾಳೆ ಅದಕ್ಕಿಂತ ಹೆಚ್ಚು ಕಳೆದುಕೊಂಡದ್ದು ಎಲೆಗಳು ಗಾಳಿಗೆ ಬಿಟ್ಟ ನೀರು. ಸೊಳ್ಳೆ ನಿಟ್ಟುಸಿರಿಟ್ಟರೂ ಅಂಕಿ ಬದಲಿಸುವ ತಕ್ಕಡಿ ಅವನದು. ಖಾಲಿ ಕುಂಡದಲ್ಲಿ ಏನಾದರೂ ಚಿಗುರಿತೋ, ಸಂಶೋಧನೆಯೆಲ್ಲ ಚಟ್ನಿ.

“ಖಾಲಿ ಇದ್ದಿದ್ನ ಏನಂತ ತೂಗ್ತೀರಿ?”

“ಏನೂ ಇಲ್ದಾಗ ಎಷ್ಟು ಹೋಗ್ತೈತೆ ಅಂತ ಗೊತ್ತಾದ್ರೆ ತಾನೇ, ಇದ್ದಾಗ ಎಷ್ಟು ಹೋಯ್ತು ಅಂತ ತಿಳಿಯೋದು.”

ತಾನೇ ಆಡಿದ ಮಾತು ಬೇರೆ ಯಾರದೋ ಎನಿಸಿತು.

ಫೋನು. ಹರಿಹರದಿಂದ ಅಕ್ಕ ಶಕುಂತಲಾ.

“ನಾಲ್ಕಕ್ಕೆ ಹುಡುಗಿ ಕಡೆಯೋರು ಬರ್ತಾರೆ. ನೆನಪೈತಾ?”

“ಕೆಲಸ ಐತಕ್ಕ. ಕುಂಡ ಬಿಟ್ಟು ಬರಂಗಿಲ್ಲ.”

“ಏನು, ಕುಂಡನಾ?”

“ಕಾಯ್ಬೇಕು. ಆಡು ಬಾಯಿ ಹಾಕ್ತಾವೆ.”

“ನಲವತ್ತೊಂದಾತು ನಿನಗೆ. ಇದೇ ಕೊನೆ ಸಲ ಬಕ್ಕೇಶ. ಇನ್ನ ಯಾರ್ನೂ ಕರೆಯಲ್ಲ ನಾನು.”

ಅಕ್ಕನ ದನಿ ಫೋನಿನಾಚೆಗೂ ಕೇಳಿಸಿತ್ತು. ಅಮೀನಾಬೀ ಆಗಲೇ ಕುರ್ಚಿ ತಂದು ಕುಂಡದ ಪಕ್ಕ ಹಾಕಿಕೊಂಡಿದ್ದಳು, ಕೈಯಲ್ಲಿ ಕೋಲು.

“ಹೋಗ್ರಿ. ನಾ ಕಾಯ್ತೀನಿ.”

“ನೀವ್ಯಾಕೆ ಬಿಸಿಲಲ್ಲಿ...”

“ಅಲ್ಲಾನ ಆಣೆ, ಒಂದು ಹುಲ್ಲೂ ಹುಟ್ಟಾಕೆ ಬಿಡಲ್ಲ. ತಲೆ ಬಾಚ್ಕೊಳ್ರಿ ಮೊದ್ಲು. ಅವ್ರು ನೋಡಾಕೆ ಬರೋದು ನಿಮ್ಮನ್ನ, ತಕ್ಕಡಿನಲ್ಲ.”

ವರ್ಷಗಳಿಂದ ಕಲ್ಲು ಕಲ್ಲಾಗಿ ಕಟ್ಟಿದ್ದ ನೆಪಗಳ ಕೋಟೆಯನ್ನು ಮುದುಕಿಯೊಬ್ಬಳು ಕುರ್ಚಿ ಹಾಕಿ ಕೆಡವಿದ್ದಳು. ಈ ಊರಿನಲ್ಲಿ ಅವನಿಗೆ ಊಟವಾಯಿತೇ ಎಂದು ಕೇಳುವವಳು ಅವಳೊಬ್ಬಳೇ. ಇಲ್ಲವೆನ್ನಲಾಗಲಿಲ್ಲ.

ಬೈಕು ಊರೊಳಗಿನ ಪಿ.ಜೆ. ಬಡಾವಣೆಯವರೆಗೆ ಹೋಯಿತು. ಅಲ್ಲಿಂದ ಮುಂದೆ ಹೋಗಲಿಲ್ಲ. ಬಕ್ಕೇಶ್ ಹೋಟೆಲಿನಲ್ಲಿ ಕೂತು ಹಂಡೆಗಟ್ಟಲೆ ಚಹಾ ಕುಡಿದ. ಡಾಂಬರು ಪಾಯಸದಂತೆ ಕುದಿಯುವುದನ್ನು ನೋಡಿದ. ಬರಲಿರುವವಳ ಹೆಸರು ಕೇಳಿರಲಿಲ್ಲವೆಂಬುದು ಆಗ ಹೊಳೆಯಿತು.

ಹೊತ್ತು ಇಳಿದ ಮೇಲೆ ಹಿಂತಿರುಗಿದ. ಅಮೀನಾಬೀ ಕುರ್ಚಿ ಬಿಟ್ಟು ಕದಲಿರಲಿಲ್ಲ. ದಾವಣಗೆರೆಯ ಸಮಸ್ತ ಆಡುಗಳನ್ನೂ ಒಬ್ಬಳೇ ಓಡಿಸಿದ್ದಳು. ಮುಖ ಕೆಂಪಗೆ ಬೆಂದಿತ್ತು.

“ಏನಾತ್ರಿ?”

“ಬಂದಿದ್ರು.”

“ಒಪ್ಪಿದ್ರಾ?”

“ನೋಡ್ಬೇಕು.”

ಅವಳು ಒಳಗೋಡಿ ಸಕ್ಕರೆ ತಂದು ಅವನ ಬಾಯಿಗೆ ಹಾಕಿದಳು. ಅದು ಮರಳಿನಂತೆ ನಾಲಿಗೆಯ ಮೇಲೆ ಕೂತಿತು.

ಕಾಬಾಳೆಯನ್ನು ತೂಗಿದ. ಭದ್ರಾ ನಾಲೆ ನಾಚಬೇಕು, ಅಷ್ಟು ನೀರು ಬಿಟ್ಟಿತ್ತು. ಆಮೇಲೆ ಇನ್ನೊಂದು ಕುಂಡವನ್ನು ಎತ್ತಿದ. ಮಣ್ಣು ನುಣ್ಣಗೆ, ಒಂದು ಮೊಳಕೆಯಿಲ್ಲದೆ, ಅವಳು ಕಾದು ಉಳಿಸಿದಂತೆಯೇ ಇತ್ತು.

ತಕ್ಕಡಿ ಎದುರಿಗಿತ್ತು. ಅವನು ಇಳಿಸಲಿಲ್ಲ. ಎದೆಗೊತ್ತಿಕೊಂಡು ನಡುರಸ್ತೆಯಲ್ಲಿ ನಿಂತ. ಆಟೋಗಳು ಅವನನ್ನು ಸುತ್ತಿಕೊಂಡು ಹೋದವು. ಕುಂಡದ ತೇವ ಅಂಗಿಗೆ ಇಳಿಯುತ್ತಿತ್ತು.

“ಇಳಿಸ್ರಿ ಸರ, ಭಾರ ಐತೆ,” ಎಂದಳು ಅಮೀನಾಬೀ, ಮೆಲ್ಲಗೆ.

ಜೇಬಿನಲ್ಲಿ ಫೋನು ಮತ್ತೆ ಅದುರತೊಡಗಿತು, ಅಕ್ಕನದೇ. ಅವನ ಎರಡೂ ಕೈ ತುಂಬಿದ್ದವು.